ಮೂವತ್ತರ ಕೆಳಗೆ ನೂರು ದಿನ

ಸಿಯೋಲ್
4 ಮಾರ್ಚ್ 2013

ಗುಕ್ ಪಾನ್ಸು ಸಾಹೇಬರಿಗೆ,

ಕ್ಷೇಮವಾಗಿ ತಲುಪಿದೆ. ದೋಣಿಯಲ್ಲಿ ತೊಂದರೆ ಆಗಲಿಲ್ಲ. ನಿಮ್ಮ ಮನೆಯವರು ಕೊಟ್ಟ ಸಿಂಪಿ ಹಾಕಿದ ಕಡಲಪಾಚಿಯ ಸಾರಿಗೆ ಸುಟ್ಟ ನಾಲಿಗೆ ಮಾತ್ರ ಇನ್ನೂ ಮರಗಟ್ಟಿದೆ. ಹಬೆಯೇ ಏಳದ ಸಾರು ಅಷ್ಟು ಬಿಸಿಯಿರುತ್ತದೆ ಎಂದು ಊರಿಗೆ ಹೊಸಬಳಾದ ನನಗೆ ಹೇಗೆ ಗೊತ್ತಾಗಬೇಕು? ಅವರು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ ಎಂದು ತಿಳಿಸಿ.

ಆ ದಿನ ನಿಮ್ಮ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಪ್ರಯೋಗದ ತೊಟ್ಟಿಗಳನ್ನು ಜೋಡಿಸುವಾಗ ನೀವು ಕೇಳಿದಿರಿ: "ಅಲ್ಲಮ್ಮ, ಈ ಮಣಿ ಒಳಗಿರೋದು ಏನ್ ತಿನ್ನುತ್ತೆ? ಗಲೀಜು ತಿನ್ನಲ್ಲ ಅಂತೀರಾ, ಪೊರೆ ತಿನ್ನಲ್ಲ ಅಂತೀರಾ. ಉಪವಾಸ ಇರುತ್ತಾ?" ದೋಣಿಗೆ ಹೊತ್ತಾಗಿದ್ದರಿಂದ ಸರಿಯಾಗಿ ಉತ್ತರಿಸಲಿಲ್ಲ. ಈಗ ಬರೆಯುತ್ತೇನೆ.

ಕೊಳಚೆ ನೀರಿನ ಬ್ಯಾಕ್ಟೀರಿಯಾಗಳು ಚದುರಿಕೊಂಡಿರುವಾಗ ನೀರು ಸೋಸುವ ಪೊರೆಗೆ ಅಂಥ ತೊಂದರೆ ಇಲ್ಲ. ಪ್ರತಿಯೊಂದೂ ಒಂದು ಸಣ್ಣ ಅಣುವನ್ನು ನೀರಿಗೆ ಬಿಡುತ್ತಿರುತ್ತದೆ. ನಾನು ಇಲ್ಲಿದ್ದೇನೆ ಎಂದು ಅದರ ಅರ್ಥ. ನೀರಿನಲ್ಲಿ ಆ ಅಣು ಒಂದು ಮಟ್ಟಕ್ಕೆ ಏರಿದಾಗ, ನಾವು ಸಾಕಷ್ಟು ಮಂದಿ ಇದ್ದೇವೆ ಎಂದು ಎಲ್ಲಕ್ಕೂ ಒಟ್ಟಿಗೆ ತಿಳಿಯುತ್ತದೆ. ಆಗ ಸೇರಿಕೊಂಡು ಲೋಳೆ ಕಟ್ಟುತ್ತವೆ. ಪೊರೆಯ ರಂಧ್ರಗಳು ಮುಚ್ಚುತ್ತವೆ, ನಿಮ್ಮ ಒತ್ತಡದ ಮೀಟರಿನ ಮುಳ್ಳು ಏರುತ್ತದೆ. ನಮ್ಮ ಮಣಿಯೊಳಗಿನ ಬ್ಯಾಕ್ಟೀರಿಯಾ ಒಂದು ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಈ ಅಣುವನ್ನು ಕತ್ತರಿಸುತ್ತದೆ, ಕತ್ತರಿಸಿದ ಚೂರೇ ಅದಕ್ಕೆ ಊಟ. ಯಾರನ್ನೂ ಅದು ಕೊಲ್ಲುವುದಿಲ್ಲ. ಮಾತು ಕಿವಿ ಮುಟ್ಟುವ ಮೊದಲೇ ನೀರಿನಲ್ಲಿ ಇಲ್ಲವಾಗುತ್ತದೆ, ಅಷ್ಟೇ. ಸಾವಿರ ಜೊತೆಗಾರರ ನಡುವೆ ಪ್ರತಿಯೊಂದೂ ತಾನು ಒಂಟಿ ಎಂದುಕೊಂಡು ಸುಮ್ಮನಿರುತ್ತದೆ.

ಈ ಕತ್ತರಿಸುವ ಜೀವಿಯನ್ನು ತೊಟ್ಟಿಗೆ ಹಾಗೇ ಬಿಟ್ಟರೆ ಉಳಿಯುವುದಿಲ್ಲ, ಮಿಕ್ಕವು ಅದನ್ನು ಮುಗಿಸಿಬಿಡುತ್ತವೆ. ಅದಕ್ಕೇ ಕಡಲಪಾಚಿಯ ಅಂಟಿನಿಂದ ಹೆಸರುಕಾಳಿನಷ್ಟು ಮಣಿ ಮಾಡಿ ಅದರೊಳಗೆ ಸೆರೆ ಇಟ್ಟಿದ್ದೇವೆ. ಅಣು ಒಳಕ್ಕೆ ಹೋಗುತ್ತದೆ. ಜೀವಿ ಹೊರಕ್ಕೆ ಬರಲಾರದು.

ಒಂದನೇ ತೊಟ್ಟಿಯಲ್ಲಿ ಜೀವ ಇರುವ ಮಣಿಗಳು, ಎರಡನೆಯದರಲ್ಲಿ ಖಾಲಿ ಮಣಿಗಳು. ಎರಡನೆಯದನ್ನು ಮುಟ್ಟಬೇಡಿ, ಹೋಲಿಕೆಗಾಗಿ ಅದು ಕಟ್ಟಿಕೊಳ್ಳಲೇಬೇಕು. ಒತ್ತಡ ಮೂವತ್ತು ದಾಟಿದ ದಿನ ಬರೆದುಕೊಂಡು ಪಂಪು ನಿಲ್ಲಿಸಿ. ಒಂದನೆಯದು ಕಟ್ಟಬಾರದು. ನೂರು ದಿನ ಅದರ ಒತ್ತಡ ಮೂವತ್ತರ ಕೆಳಗೇ ಇರಬೇಕು. ನಾಳೆಯಿಂದ ಎಣಿಕೆ ಶುರು. ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ದಿನಾಂಕ, ಒತ್ತಡ, ಹರಿವು, ಉಷ್ಣತೆ. ವಿಶ್ವವಿದ್ಯಾಲಯ ನಕಲನ್ನು ಒಪ್ಪುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಮೂಲ ಹಾಳೆಯನ್ನೇ ಅಂಚೆಗೆ ಹಾಕಬೇಕು.

ಇದು ನನಗೆ ಒಂಬತ್ತನೇ ವರ್ಷ. ಡಾಕ್ಟರೇಟ್ ಮುಗಿಸಲು ನಿಯಮ ಕೊಟ್ಟಿರುವ ಕೊನೆಯ ಗಡುವು ಈ ಆಗಸ್ಟ್. ಪ್ರೊಫೆಸರ್ ಹಾ ಅವರು ಒಂದೇ ಮಾತು ಹೇಳಿದ್ದಾರೆ: "ನೂರು ದಿನ ತೋರ್ಸು, ಸಹಿ ಹಾಕ್ತೀನಿ." ನಿಮ್ಮ ಮೇಲೆ ಭಾರ ಹೊರಿಸಲು ಹೇಳಿದ್ದಲ್ಲ. ಗೊತ್ತಿರಲಿ ಎಂದು.

ಪ್ಯೊ ಹ್ಯೇಸುಕ್


ತೋಮಿ ದ್ವೀಪ
2 ಏಪ್ರಿಲ್ 2013

ಡಾಕ್ಟರಮ್ಮನವರಿಗೆ,

ಇನ್ನೂ ಡಾಕ್ಟರ್ ಆಗಿಲ್ಲ ಎನ್ನುತ್ತೀರಿ. ನನ್ನನ್ನು ಸಾಹೇಬ ಎನ್ನುತ್ತೀರಲ್ಲ, ನನ್ನ ಕೈಕೆಳಗಿರುವುದು ಎರಡು ಪಂಪು, ಒಂದು ಬೆಕ್ಕು. ಬೆಕ್ಕು ಮಾತು ಕೇಳುವುದಿಲ್ಲ. ಆದ್ದರಿಂದ ಇಬ್ಬರೂ ಒಂದಿಷ್ಟು ಸುಳ್ಳು ಒಪ್ಪಿಕೊಳ್ಳೋಣ.

ಹಾಳೆ ಇಟ್ಟಿದ್ದೇನೆ. ಎರಡನೇ ತೊಟ್ಟಿ ಹನ್ನೊಂದನೇ ದಿನ ಮೂವತ್ತು ದಾಟಿತು. ನೀವು ಹೇಳಿದ ಹಾಗೆ ಪಂಪು ನಿಲ್ಲಿಸಿ ಮುಟ್ಟದೆ ಬಿಟ್ಟೆ. ಕೈ ತುರಿಸಿತು ಎಂದರೆ ನಂಬಿ. ಹದಿನಾರು ವರ್ಷದಲ್ಲಿ, ಕಟ್ಟಿದ ಪೊರೆಯನ್ನು ನೋಡುತ್ತ ಕೈಕಟ್ಟಿ ನಿಂತದ್ದು ಇದೇ ಮೊದಲು. ನಮ್ಮ ಕೆಲಸದಲ್ಲಿ ಅಂಕಿ ಗೆರೆ ದಾಟಿತು ಎಂದರೆ ಜಿಲ್ಲಾ ಕಚೇರಿಗೆ ಸಮಜಾಯಿಷಿ ಬರೆದುಕೊಡಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಮ್ಮೆ ಬರೆದಿದ್ದೇನೆ. ಅದರ ಪ್ರತಿ ಸಾಲೂ ಇವತ್ತಿಗೂ ಬಾಯಿಗೆ ಬರುತ್ತದೆ. ಎರಡನೆಯದು ಬರೆಯಬೇಕಾಗಿ ಬಂದಿಲ್ಲ.

ಒಂದನೆಯದರ ಚಿಂತೆ ನಿಮಗೆ ಬೇಡ. ಅದು ನನ್ನ ಜವಾಬ್ದಾರಿ. ಇಪ್ಪತ್ತೇಳನೇ ದಿನಕ್ಕೆ ಹದಿನಾಲ್ಕು.

ಮಣಿ ಯಾವುದರಿಂದ ಆಗಿದ್ದು ಎಂದು ನಮ್ಮ ಮನೆಯಾಕೆ ಬೊಂಗ್ನ್ಯೆಗೆ ಹೇಳಿದೆ. ಪಾಚಿ ಒಣಗಿಸುವ ಕೊಟ್ಟಿಗೆಯ ಹೆಂಗಸರಿಗೆಲ್ಲ ಅದೇ ನಗು. "ನಮ್ಮ ಪಾಚಿ ನಾವ್ ಒಣಗ್ಸಿ ಕಳ್ಸದು, ಅವ್ರು ಸಿಯೋಲ್‌ನಾಗೆ ಅದ್ನ ಮಣಿ ಮಾಡದು, ಆಮ್ಯಾಕೆ ತಂದು ನಮ್ಮ ಕಕ್ಕಸಿನ ನೀರಿಗೇ ಸುರಿಯದು! ಇದ್ಕೆ ಒಂಬತ್ತು ವರ್ಸ ಓದ್ಬೇಕೇನ್ರಿ?" ಎಂದಳು. ನಾನು ಸುಮ್ಮನಿರು ಎಂದೆ. ಮುಂದಿನ ಸಲ ಬಂದಾಗ ಸಾರು ಆರಿಸಿ ಕೊಡುತ್ತಾಳಂತೆ.

ಗುಕ್ ಪಾನ್ಸು


ಸಿಯೋಲ್
9 ಏಪ್ರಿಲ್ 2013

ಸಾಹೇಬರೇ,

ಹಾಳೆ ಬಂತು. ಪ್ರಯೋಗಾಲಯದಲ್ಲಿ ಇದನ್ನು ನಾಲ್ಕು ಸಲ ಕೈಬದಲಾಯಿಸಿ ನೋಡಿದೆವು. ಮಾರ್ಚ್ 24ರಂದು ಒತ್ತಡ ಇಪ್ಪತ್ತೆರಡರಿಂದ ಒಂಬತ್ತಕ್ಕೆ ಇಳಿದಿದೆ! ಏರುವುದು ನಿಂತಿದ್ದರೆ ಸಾಕಿತ್ತು. ಇಳಿಯುವುದನ್ನು ನಾವ್ಯಾರೂ ನಿರೀಕ್ಷಿಸಿರಲಿಲ್ಲ.

"ಇದೇನೇ ಇದು?" ಎಂದರು ಪ್ರೊಫೆಸರ್ ಹಾ.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋಕೆ ನಿನಗಿನ್ನು ಸಮಯ ಇಲ್ಲ. ಲೋಳೆ ಕಟ್ಟಿ ಆದ್ಮೇಲೂ ಕಿಣ್ವ ಅದನ್ನ ಬಿಡಿಸ್ತಾ ಇದೆ ಅಂದ್ರೆ ಇದು ಸಣ್ಣ ವಿಷಯ ಅಲ್ಲ. ವಿವರಣೆ ಹುಡುಕು."

ಅದಕ್ಕೇ ಕೇಳುತ್ತಿದ್ದೇನೆ. 24ರಂದು ಅಥವಾ ಹಿಂದಿನ ದಿನ ಕರೆಂಟು ಹೋಗಿತ್ತೆ? ಮಳೆನೀರು ಸೇರಿತೆ? ಊರಿನಲ್ಲಿ ಮದುವೆ, ತಿಥಿ, ಹೊರಗಿನ ಜನ? ಗಾಳಿಯ ಪಂಪಿನ ವೇಗ ಬದಲಾಗಿತ್ತೆ? ಉಪ್ಪುನೀರು ನುಗ್ಗಿತೆ? ಒಂದೊಂದಕ್ಕೂ ಉತ್ತರ ಬರೆಯಿರಿ.

ನಮ್ಮ ಕೋಣೆಗೆ ಕಿಟಕಿ ಇಲ್ಲ. ಚೆರ್ರಿ ಹೂ ಬಂದಿದೆ ಎಂದು ಹೊರಗಿನಿಂದ ಬಂದವರ ಕೋಟಿನ ಮೇಲಿನ ಎಸಳು ನೋಡಿ ತಿಳಿಯುತ್ತದೆ. ಹೋದ ವರ್ಷ ಸೇರಿದ ಒಬ್ಬಳು ಕೇಳಿದಳು: "ಅಕ್ಕ, ನಿಮ್ಮ ಹೆಸರು ವಿದ್ಯಾರ್ಥಿಗಳ ಪಟ್ಟೀಲಿದ್ಯಾ, ಸಾಮಾನಿನ ಪಟ್ಟೀಲಿದ್ಯಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕದ್ದು ನಿಜ.

ಹ್ಯೇಸುಕ್


ತೋಮಿ ದ್ವೀಪ
3 ಮೇ 2013

ಡಾಕ್ಟರಮ್ಮನವರಿಗೆ,

ಏಪ್ರಿಲ್ ಹಾಳೆ ಇದರೊಂದಿಗಿದೆ. ನೀವು ಕೇಳಿದ್ದಕ್ಕೆ ಉತ್ತರ: ಕರೆಂಟು ಹೋಗಿಲ್ಲ. ಮಳೆ ಇಲ್ಲ. ಮದುವೆ ಇಲ್ಲ. ನಮ್ಮಲ್ಲಿ ಮದುವೆಯಾಗುವ ವಯಸ್ಸಿನವರೇ ಇಲ್ಲ. ತಿಥಿ ಒಂದಿತ್ತು, ಆದರೆ ಅದು ಆಚೆ ಹಳ್ಳಿಯಲ್ಲಿ. ಗಾಳಿಯ ಪಂಪು ಮುಂಚಿನ ಹಾಗೇ ಇದೆ. ಉಪ್ಪುನೀರು ಬಂದಿಲ್ಲ. ಆ ದಿನ ಭಾನುವಾರ, ಒಳ್ಳೆ ಬಿಸಿಲಿತ್ತು. ಇಷ್ಟೇ.

ಈ ತಿಂಗಳು ಅಂಕಿ ಎರಡು ಸಲ ಇಳಿದಿದೆ, ನೋಡಿಕೊಳ್ಳಿ. ಎಲ್ಲೂ ಇಪ್ಪತ್ನಾಲ್ಕು ಮೀರಿಲ್ಲ.

ನಿಮ್ಮ ಕೋಣೆಗೆ ಕಿಟಕಿ ಇಲ್ಲ ಎಂದು ಓದಿ ಬೊಂಗ್ನ್ಯೆ ಮರುಗಿದಳು. ನನಗೆ ಸುತ್ತಲೂ ಕಿಟಕಿ, ಸುತ್ತಲೂ ಕಡಲು. ಆದರೆ ನನ್ನ ಬದಲಿಗೆ ನಿಲ್ಲುವವರು ಇಲ್ಲವಾದ್ದರಿಂದ ಒಂದು ದಿನಕ್ಕಿಂತ ಹೆಚ್ಚು ದ್ವೀಪ ಬಿಟ್ಟು ಹೋದದ್ದು ಹದಿನಾರು ವರ್ಷದಲ್ಲಿ ಎರಡೇ ಸಲ. ಮಗಳ ಮದುವೆಯಲ್ಲಿ ಊಟಕ್ಕೆ ಕೂರುವ ಮೊದಲೇ ದೋಣಿ ಹತ್ತಿದೆ. ಜನ ಕಕ್ಕಸಿಗೆ ಹೋಗುವುದನ್ನು ಮದುವೆಗೆಂದು ನಿಲ್ಲಿಸುವುದಿಲ್ಲವಲ್ಲ. ಇನ್ನು ಎರಡು ವರ್ಷಕ್ಕೆ ನಿವೃತ್ತಿ.

ಬೊಂಗ್ನ್ಯೆಯದೊಂದು ಪ್ರಶ್ನೆ. ಮಣಿಯೊಳಗಿರುವುದಕ್ಕೆ ತಾನು ಮಣಿಯೊಳಗಿದ್ದೇನೆ ಅಂತ ಗೊತ್ತಿರುತ್ತಾ ಎಂದು ಕೇಳುತ್ತಾಳೆ. ಪುರುಸೊತ್ತಿದ್ದರೆ ಬರೆಯಿರಿ.

ಗುಕ್ ಪಾನ್ಸು


ಸಿಯೋಲ್
12 ಮೇ 2013

ಸಾಹೇಬರೇ,

ಗೊತ್ತಿರುವುದಿಲ್ಲ ಎಂದು ಹೇಳಿ. ಊಟ ಬರುತ್ತದೆ, ಬೆಚ್ಚಗಿರುತ್ತದೆ, ಸಂಖ್ಯೆಯೂ ತಕ್ಕಮಟ್ಟಿಗೆ ಬೆಳೆಯುತ್ತದೆ. ಗೋಡೆಗೆ ಮುಟ್ಟಿದವು ಮಾತ್ರ ಸ್ವಲ್ಪ ನಿಧಾನವಾಗುತ್ತವೆ.

ಏಪ್ರಿಲ್ ಹಾಳೆಯನ್ನು ನಕ್ಷೆಗೆ ಇಳಿಸಿದೆ. ಗರಗಸದ ಹಲ್ಲಿನ ಹಾಗೆ ಬಂತು: ಹದಿನೇಳು ಹದಿನೆಂಟು ದಿನ ನಿಧಾನವಾಗಿ ಏರುವುದು, ಒಂದೇ ದಿನದಲ್ಲಿ ಒಂಬತ್ತಕ್ಕೆ ಇಳಿಯುವುದು. ನೀವು ಕೊಟ್ಟ ಉತ್ತರಗಳು ಹೊರಗಿನ ಕಾರಣಗಳನ್ನೆಲ್ಲ ತೆಗೆದುಹಾಕಿದವು. ಉಳಿದದ್ದು ಮಣಿ ಮಾತ್ರ. ಲೋಳೆ ಒಂದು ದಪ್ಪಕ್ಕೆ ಬಂದಾಗ ಒಳಗಿನ ಬ್ಯಾಕ್ಟೀರಿಯಾ ಹೆಚ್ಚು ಕಿಣ್ವ ಬಿಡುತ್ತದೆ, ಆಗ ಇಡೀ ಪದರ ಕಳಚಿ ಬೀಳುತ್ತದೆ ಎಂದು ಬರೆದಿದ್ದೇನೆ. ಮೂವತ್ತೆಂಟು ಪುಟದ ಅಧ್ಯಾಯ. ಹಾ ಸಾರ್ ಓದಿ, ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ, ಏನನ್ನೂ ತಿದ್ದದೆ ವಾಪಸು ಕೊಟ್ಟರು. "ಈ ಅಧ್ಯಾಯ ಒಂದೇ ಸಾಕು" ಎಂದರು.

ನಿಮಗೊಂದು ವಿಷಯ ಹೇಳಬೇಕು. ಎಲ್ಲ ಕಡೆ ಪೊರೆ ಕಟ್ಟುತ್ತದೆ, ಎಲ್ಲ ಕಡೆ ಯಾರೋ ಒಬ್ಬರು ಅದನ್ನು ಎತ್ತಿ ತೊಳೆಯುತ್ತಾರೆ. ಇಲ್ಲಿ ಯಾರ ಕೈಯೂ ಸೋಕದೆ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತಿದೆ. ನನ್ನ ಪ್ರಬಂಧದ ಹುರುಳೆಲ್ಲ ಇದೇ. ಬಸ್ಸಿನಲ್ಲಿ ಕುಳಿತಾಗ ಇದನ್ನು ನೆನೆದರೆ ಕಣ್ಣು ತುಂಬುತ್ತದೆ. ಪಕ್ಕದವರು ಏನಂದುಕೊಳ್ಳುತ್ತಾರೋ.

ಇನ್ನು ಮೂವತ್ತೊಂದು ದಿನ.

ಹ್ಯೇಸುಕ್


ಸಿಯೋಲ್
5 ಜೂನ್ 2013

ಸಾಹೇಬರೇ,

ಮೇ ಹಾಳೆ ಬಂತು, ಪತ್ರ ಇರಲಿಲ್ಲ. ಲಕೋಟೆಯನ್ನು ಮಗುಚಿ ಕೊಡವಿ ನೋಡಿದೆ. ಮೈಗೆ ಹುಷಾರಿಲ್ಲವೆ? ಬೊಂಗ್ನ್ಯೆ ಅಕ್ಕ ಹೇಗಿದ್ದಾರೆ? ಮೇ 14 ಮತ್ತು 29ರಂದು ಅಂಕಿ ಸರಿಯಾಗಿ ಇಳಿದಿದೆ. ಹಾ ಸಾರ್ ಇದಕ್ಕೊಂದು ಹೆಸರಿಡಬೇಕು ಎನ್ನುತ್ತಿದ್ದಾರೆ. ಈ ತಿಂಗಳ ಕೊನೆಗೆ ಮೌಖಿಕ ಪರೀಕ್ಷೆ.

ಒಂದು ಸಾಲು ಬರೆದು ಹಾಕಿ.

ಹ್ಯೇಸುಕ್


ತೋಮಿ ದ್ವೀಪ
11 ಜೂನ್ 2013

ಡಾಕ್ಟರಮ್ಮನವರಿಗೆ,

ಸೊಂಟ ಹಿಡಿದುಕೊಂಡಿತ್ತು. ಈಗ ಪರವಾಗಿಲ್ಲ.

ನಾಳೆಗೆ ನೂರು. ಇವತ್ತು ಇಪ್ಪತ್ತೊಂದು ಇದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೂರು ದಿನ ಆಗದೆ ಹೋಗಿದ್ದರೆ ಏನಾಗುತ್ತಿತ್ತು? ಅರವತ್ತು ಎಪ್ಪತ್ತು ದಿನಕ್ಕೆ ಯಾರೂ ಪದವಿ ಕೊಡುವುದಿಲ್ಲವೆ?

ಆದರೆ ಒಮ್ಮೆ ಬಂದು ಹೋಗಿ. ಮುಂಚೆ ತಿಳಿಸುವುದು ಬೇಡ. ಎರಡು ದಿನ ಇದ್ದು ತೊಟ್ಟಿಯ ಪಕ್ಕ ಸುಮ್ಮನೆ ಕೂತು ನೋಡಿ. ಪರೀಕ್ಷೆಗೆ ಮುಂಚೆಯೇ ಬಂದರೆ ಒಳ್ಳೆಯದು.

ಗುಕ್ ಪಾನ್ಸು


ಸಿಯೋಲ್
16 ಜೂನ್ 2013

ಸಾಹೇಬರೇ,

ನೀವು ಕರೆದದ್ದು ಎಷ್ಟು ಹಿತವಾಯಿತೆಂದು ಬರೆಯಲು ಬರುವುದಿಲ್ಲ. ನನ್ನ ದಣಿವು ಪತ್ರದಲ್ಲಿ ಕಂಡಿರಬೇಕು. ನಮ್ಮ ಅಪ್ಪ ಇದ್ದಿದ್ದರೆ ಅವರೂ ಹೀಗೇ, ಕಾರಣ ಹೇಳದೆ ಬಾ ಎನ್ನುತ್ತಿದ್ದರು. ಆದರೆ ಇದೇ 26ಕ್ಕೆ ಮೌಖಿಕ ಪರೀಕ್ಷೆ. ಅದು ಮುಗಿಯಲಿ, ಬರುತ್ತೇನೆ, ಎರಡಲ್ಲ ನಾಲ್ಕು ದಿನ ಇರುತ್ತೇನೆ.

ನೂರು ಆಗದಿದ್ದರೆ ಏನು ಎಂದು ಕೇಳಿದಿರಿ. ನಿಮ್ಮ ಕೊನೆಯ ಹಾಳೆ ಬಂದು ನೂರೂ ಮುಗಿದಿರುವುದರಿಂದ ಈಗ ಧೈರ್ಯವಾಗಿ ಬರೆಯಬಹುದು. ನಲವತ್ತೊಂದನೇ ವಯಸ್ಸಿನಲ್ಲಿ, ಕೈಯಲ್ಲಿ ಏನೂ ಇಲ್ಲದೆ, ಒಂಬತ್ತು ವರ್ಷ ನೀನು ಎಲ್ಲಿದ್ದೆ ಎಂದು ಕೇಳುವವರ ಮುಂದೆ ನಿಲ್ಲಬೇಕಾಗಿತ್ತು. ಹಾ ಸಾರ್ ಮಾರ್ಚ್‌ನಲ್ಲೇ ಹೇಳಿದ್ದರು: "ಐವತ್ತು ದಿನ, ಅರವತ್ತು ದಿನ ತಗೊಂಡು ಏನ್ ಮಾಡ್ಲಿ? ಅದು ಎಲ್ರ ಹತ್ರಾನೂ ಇದೆ. ನೂರಿಲ್ಲ ಅಂದ್ರೆ ನಿನ್ನ ಹೆಸರು ತೆಗೀತೀನಿ. ಕೋಪಕ್ಕಲ್ಲ ಹ್ಯೇಸುಕ್, ಜಾಗಕ್ಕೆ." ಆ ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಇದನ್ನು ನಿಮಗೆ ಆಗ ಬರೆಯಲಿಲ್ಲ. ಬರೆದಿದ್ದರೆ ನೀವು ಮೀಟರಿನ ಮುಂದೆ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದಿರಿ.

ಹೊಸ ಕೋಟು ತೆಗೆದುಕೊಂಡಿದ್ದೇನೆ. ಬೂದು ಬಣ್ಣ.

ಹ್ಯೇಸುಕ್


ತೋಮಿ ದ್ವೀಪ
20 ಜೂನ್ 2013

ಹ್ಯೇಸುಕ್ ಅವರಿಗೆ,

ನೀವು ಬರಲಿಲ್ಲ, ಆದ್ದರಿಂದ ಬರೆಯಬೇಕಾಗಿದೆ. ಇದನ್ನು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು.

ಅಂಕಿ ಇಳಿದದ್ದು ಮಣಿಯಿಂದ ಅಲ್ಲ. ನಾನು ಪೊರೆ ತೊಳೆದೆ.

ಒಂದನೆಯದು ಕಟ್ಟಬಾರದು ಎಂದಿರಿ. ಕಟ್ಟದ ಹಾಗೆ ನೋಡಿಕೊಂಡೆ. ಇಪ್ಪತ್ತೆರಡಕ್ಕೆ ಬಂದ ಕೂಡಲೇ ಪೊರೆಯನ್ನು ಮೇಲೆತ್ತಿ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಪೈಪಿನಿಂದ ತೊಳೆದು ಇಳಿಬಿಟ್ಟೆ. ಮೂವತ್ತು ಮುಟ್ಟುವ ತನಕ ಕಾಯುವವನು ನಮ್ಮ ಕೆಲಸಕ್ಕೆ ಲಾಯಕ್ಕಲ್ಲ. ಹಾಳೆಯಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಬಹುದು. ಅದಕ್ಕೆ ಕಾಲಂ ಇರಲಿಲ್ಲ ಎನ್ನುವುದು ಒಂದು. ಇನ್ನೊಂದು, ತೊಳೆದದ್ದನ್ನು ನಾವು ಬರೆಯುವುದೇ ಇಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದೆ ಎಂದು ಯಾರು ಬರೆದಿಡುತ್ತಾರೆ? ಕರೆಂಟು, ಮಳೆ, ಮದುವೆ ಎಂದು ನೀವು ಕೇಳಿದಾಗ, ಸಿಯೋಲ್‌ನವರು ಎಷ್ಟು ಸೂಕ್ಷ್ಮ ನೋಡುತ್ತಾರಪ್ಪ ಎಂದುಕೊಂಡೆನೇ ಹೊರತು, ನನ್ನ ಪೈಪಿನ ಕಡೆಗೆ ನನ್ನ ಬುದ್ಧಿಯೇ ಹೋಗಲಿಲ್ಲ.

ಯಾರ ಕೈಯೂ ಸೋಕದೆ ಎಂದು ನೀವು ಮೇ ತಿಂಗಳಲ್ಲಿ ಬರೆದಿರಿ. ಓದಿ ಅಲ್ಲೇ ಕಟ್ಟೆಯ ಮೇಲೆ ಕೂತೆ. ಬೊಂಗ್ನ್ಯೆ ಬಂದು "ಯಾರ್ ಸತ್ರು?" ಎಂದಳು.

ಅಲ್ಲಿಯವರೆಗೆ ನಾಲ್ಕು ಸಲ ತಿಳಿಯದೆ ತೊಳೆದಿದ್ದೆ. ಮೇ 29ರಂದು ಮತ್ತೆ ಇಪ್ಪತ್ನಾಲ್ಕಕ್ಕೆ ಬಂತು. ತೊಳೆಯದಿದ್ದರೆ ನೂರರ ಒಳಗೇ ದಾಟಿಬಿಡುತ್ತದೆ, ನಿಮ್ಮ ಒಂಬತ್ತು ವರ್ಷ ಹೋಗುತ್ತದೆ. ನಿಮ್ಮ ಪತ್ರ ಜೇಬಿನಲ್ಲಿತ್ತು. ತೊಳೆದೆ. ಅದಾದ ಮೇಲೆ ನಿಮಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಸೊಂಟ ಹಿಡಿದಿರಲಿಲ್ಲ.

ಪರೀಕ್ಷೆಗೆ ಮೊದಲು ತಲುಪಲಿ ಎಂದು ದೋಣಿಯವನ ಕೈಯಲ್ಲೇ ಕೊಡುತ್ತಿದ್ದೇನೆ. ಏನು ಮಾಡಬೇಕೆಂದು ನನಗೆ ತಿಳಿಯದು.

ಗುಕ್ ಪಾನ್ಸು


ಸಿಯೋಲ್
7 ಜುಲೈ 2013

ಗುಕ್ ಸಾಹೇಬರಿಗೆ,

ನಿಮ್ಮ ಪತ್ರ 24ರಂದೇ ಬಂತು. ತಿಂಗಳ ಕೊನೆಯಲ್ಲ, ಹಾಳೆ ಬರುವ ಹೊತ್ತಲ್ಲ. ಲಕೋಟೆಯ ಮೇಲೆ ಮೊದಲ ಬಾರಿಗೆ ಬರೀ ಪ್ಯೊ ಹ್ಯೇಸುಕ್ ಎಂದು ಬರೆದಿದ್ದಿರಿ. ಅದನ್ನು ಒಡೆಯದೆ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ಯಾಕೆ ಒಡೆಯಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಪುರುಸೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ನಿಮಗೆ ಹಾಗೆ ಹೇಳಲಾರೆ. ಒಳಗೇನಿದೆ ಎಂದು ಗೊತ್ತಿರಲಿಲ್ಲ. ಆದರೆ ಒಡೆದರೆ ನಾನು 26ಕ್ಕೆ ಆ ಕೋಣೆಗೆ ಹೋಗಲಾರೆ ಎಂದು ಬೆರಳಿಗೆ ಗೊತ್ತಿತ್ತು.

ಹೋದೆ. ಬೂದು ಕೋಟು ಹಾಕಿಕೊಂಡು ಹೋದೆ. ಐವರು ಪರೀಕ್ಷಕರು. ಅವರಲ್ಲೊಬ್ಬರು, ವಯಸ್ಸಾದವರು, ನಕ್ಷೆಯನ್ನು ತುಂಬ ಹೊತ್ತು ನೋಡಿ ಕೇಳಿದರು: "ಚೆನ್ನಾಗಿದೆ. ನೋಡಿದ್ರೆ ಯಾರೋ ತೊಳ್ದ ಹಾಗೇ ಇದೆಯಲ್ಲಮ್ಮ?" ಎಲ್ಲರೂ ನಕ್ಕರು.

"ಇಲ್ಲ ಸಾರ್. ಅದೇ ಇದರ ವಿಶೇಷ" ಎಂದೆ.

ಆಯಿತು. ಎಲ್ಲರೂ ಕೈಕುಲುಕಿದರು. ಮರುದಿನ ನಿಮ್ಮ ಪತ್ರ ಒಡೆದೆ.

ನಾಲ್ಕು ಸಲ ತಿಳಿಯದೆ, ಒಂದು ಸಲ ತಿಳಿದು ಎಂದು ನೀವು ಲೆಕ್ಕ ಕೊಟ್ಟಿದ್ದೀರಿ. ನನಗೆ ಲೆಕ್ಕ ಕೊಡುವುದು ಕಷ್ಟ. ತಿಳಿಯದೆ ಇರಲೆಂದೇ ಬೀಗ ಹಾಕಿದವಳು ಯಾವ ಕಡೆ ಸೇರುತ್ತಾಳೆ? ಹತ್ತು ದಿನದಿಂದ ನಿಮಗೆ ಬರೆದು ಹರಿಯುತ್ತಿದ್ದೇನೆ. ಒಮ್ಮೆ ನಿಮ್ಮನ್ನು ಬೈದು ಬರೆದೆ, ಒಮ್ಮೆ ಪತ್ರವೇ ಬಂದಿಲ್ಲವೆಂದು ಬರೆದೆ. ಎರಡೂ ಬುಟ್ಟಿಗೆ ಹೋದವು.

ಈಗ ಸಂಗತಿ ನನ್ನೊಬ್ಬಳದಾಗಿ ಉಳಿದಿಲ್ಲ. ಹಾ ಸಾರ್ ಈ ಮಣಿಗಳನ್ನು ಹನ್ನೆರಡು ದ್ವೀಪಗಳ ಘಟಕಗಳಿಗೆ ಹಾಕಿಸಲು ಸರ್ಕಾರಕ್ಕೆ ಬರೆಯುತ್ತಿದ್ದಾರೆ. ಅದರಲ್ಲಿ ಒಂದು ಸಾಲಿದೆ: ಪೊರೆ ತೊಳೆಯುವ ಅಗತ್ಯವಿಲ್ಲ, ಸಿಬ್ಬಂದಿಯೂ ಬೇಡ. ಆ ಸಾಲು ನನ್ನ ಅಧ್ಯಾಯದಿಂದ ತೆಗೆದದ್ದು. ಅಲ್ಲಿ ನೀವಿರುವುದಿಲ್ಲ. ಕಟ್ಟಿದ ತೊಟ್ಟಿ ಉಕ್ಕಿ ಹರಿದರೆ ಹೋಗುವುದು ಪಾಚಿ ಬೆಳೆಯುವ ಕಡಲಿಗೆ.

ಮಣಿ ನಿಜವಾಗಿ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ನನಗೂ ಇಲ್ಲ. ಅದನ್ನು ತಿಳಿಯದೆ ಬಾಯಿ ಬಿಡಲಾರೆ, ತಿಳಿಯದೆ ಬಾಯಿ ಮುಚ್ಚಿಕೊಂಡೂ ಇರಲಾರೆ. ಆಗಸ್ಟಿನಲ್ಲಿ ಹೊಸ ಮಣಿ ತರುತ್ತೇನೆ. ಇನ್ನೊಮ್ಮೆ ಮಾಡೋಣ. ಹೊಸ ಹಾಳೆಯಲ್ಲಿ ಐದು ಕಾಲಂ ಇರುತ್ತದೆ. ಏರಿದರೆ ಏರಲಿ. ತೊಳೆಯಬೇಡಿ.

ಹ್ಯೇಸುಕ್


ತೋಮಿ ದ್ವೀಪ
5 ಅಕ್ಟೋಬರ್ 2013

ಹ್ಯೇಸುಕ್ ಅವರಿಗೆ,

ಆಗಸ್ಟ್ 26ರಿಂದ ಈವತ್ತಿನವರೆಗಿನ ಹಾಳೆ ಇದರೊಂದಿಗಿದೆ. ನೀವು ಬಂದಿದ್ದ ಎರಡು ದಿನ ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ನೀವು ಹೋದ ಮೇಲೆ ಬೊಂಗ್ನ್ಯೆ "ಬಾಯಿಗೆ ಬೀಗ ಹಾಕ್ಕಂಡು ಕೂತಿದ್ರಲ್ರೀ ಇಬ್ರೂವೆ, ಊಟ ಬಡಿಸಿದ್ ನಾನ್ ಮೂಗೀನಾ?" ಎಂದು ನನ್ನನ್ನೇ ಬೈದಳು.

ಖಾಲಿ ಮಣಿಯ ತೊಟ್ಟಿ ಹನ್ನೆರಡನೇ ದಿನ ಮೂವತ್ತು ದಾಟಿತು. ಜೀವದ ಮಣಿಯದು ಇಪ್ಪತ್ತೆರಡಕ್ಕೆ ಬಂದ ದಿನ ಪೈಪನ್ನು ಸುತ್ತಿ ಮನೆಗೆ ಒಯ್ದು ಬೊಂಗ್ನ್ಯೆ ಕೈಗೆ ಕೊಟ್ಟೆ. ಹಬ್ಬಕ್ಕೆ ಎಲ್ಲರ ಮಕ್ಕಳೂ ಮೊಮ್ಮಕ್ಕಳೂ ಬಂದರು, ಮೂರು ದಿನ ಕೊಳಚೆ ಎರಡರಷ್ಟಾಯಿತು. ಆಗಲೇ ದಾಟುತ್ತದೆ ಎಂದುಕೊಂಡೆ. ಇಪ್ಪತ್ತೇಳಕ್ಕೆ ಬಂದು ಅಲ್ಲೇ ನಿಂತಿತು. ಮೊಂಡು ಹಿಡಿದ ಎತ್ತಿನ ಹಾಗೆ ಹತ್ತು ದಿನ ಅಲ್ಲೇ. ಆ ಹತ್ತು ದಿನ ನಾನು ಮೀಟರಿನ ಮುಂದೆ ಊಟ ಮಾಡಿದೆ.

ಇವತ್ತು ನಲವತ್ತೊಂದನೇ ದಿನ. ಬೆಳಿಗ್ಗೆ ಎಂಟಕ್ಕೆ ಮೂವತ್ತು ದಾಟಿತು.

ತೊಳೆದಿಲ್ಲ.

ಗುಕ್ ಪಾನ್ಸು


ಸಿಯೋಲ್
19 ಅಕ್ಟೋಬರ್ 2013

ಸಾಹೇಬರೇ,

ಹನ್ನೆರಡು ಎಲ್ಲಿ, ನಲವತ್ತೊಂದು ಎಲ್ಲಿ! ಹತ್ತಿರ ಹತ್ತಿರ ಮೂರೂವರೆ ಪಟ್ಟು. ನಮ್ಮ ಕಿಣ್ವ ಕೆಲಸ ಮಾಡುತ್ತದೆ. ಎಲ್ಲವನ್ನೂ ಅಲ್ಲ, ಎಂದೆಂದಿಗೂ ಅಲ್ಲ. ಆದರೆ ಮಾಡುತ್ತದೆ. ಹಾಳೆ ನೋಡಿ ಮೊದಲು ಸಂತೋಷವೇ ಆಯಿತು ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಒಂಬತ್ತು ವರ್ಷದಲ್ಲಿ ನಾನು ಕಂಡ ನಿಜವಾದ ಅಂಕಿ ಅದೊಂದೇ.

ಅದನ್ನು ಹಾ ಸಾರ್ ಅವರಿಗೆ ಕೊಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದನ್ನ ಯಾಕೆ ಮಾಡ್ಸಿದೆ?"

"ತಿಳ್ಕೋಬೇಕಿತ್ತು ಸಾರ್."

"ತಿಳ್ಕೊಂಡ್ಯಲ್ಲ. ಸಾಕು. ಈ ಹಾಳೇನ ಇಲ್ಲೇ ಬಿಟ್ಟು ಹೋಗು."

"ಹನ್ನೆರಡು ದ್ವೀಪ?"

"ಅಲ್ಲೂ ಯಾರೋ ಒಬ್ರು ತೊಳೀತಾರೆ ಬಿಡು. ತೊಳೆಯೋರು ಯಾವಾಗ್ಲೂ ಇರ್ತಾರೆ."

ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತುಂಬ ಮೆದುವಾಗಿ ಹೇಳಿದರು. ಬಾಗಿಲವರೆಗೂ ಬಂದು, "ಡಾಕ್ಟರ್ ಪ್ಯೊ, ಚೆನ್ನಾಗಿ ನಿದ್ದೆ ಮಾಡಿ" ಎಂದರು. ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದರು. ಹಾಳೆಯನ್ನು ಅವರ ಮೇಜಿನಿಂದ ಎತ್ತಿಕೊಂಡೇ ಬಂದೆ.

ವಿಶ್ವವಿದ್ಯಾಲಯದ ಕಚೇರಿಗೆ ಒಂದು ಹೇಳಿಕೆ ಬರೆದಿದ್ದೇನೆ. ಸೋಮವಾರ 28ಕ್ಕೆ ಕೊಡುತ್ತೇನೆ. ಪ್ರಬಂಧ ಹಿಂದಕ್ಕೆ ಪಡೆಯುತ್ತೇನೆ, ಅದರೊಂದಿಗೆ ಪದವಿಯೂ ಹೋಗುತ್ತದೆ. ಗಡುವು ಮುಗಿದಿರುವುದರಿಂದ ಇನ್ನೊಂದು ಬರೆಯಲು ಬಿಡುವುದಿಲ್ಲ. ನಲವತ್ತೊಂದು ದಿನದ ಮಾತನ್ನು ಬೇರೆ ಯಾರಾದರೂ ಬರೆಯಬೇಕು.

ನಿಮ್ಮ ವಿಷಯವೇ ನನ್ನನ್ನು ಕಾಡುತ್ತಿರುವುದು. ಮೊದಲ ಹಾಳೆಗಳ ಮೇಲೆ ನಿಮ್ಮ ಸಹಿ ಇದೆ. ಜಿಲ್ಲಾ ಕಚೇರಿ ನಿಮ್ಮನ್ನು ಕೇಳುತ್ತದೆ. ನಿವೃತ್ತಿಗೆ ಒಂದೂವರೆ ವರ್ಷವಿದೆ. ಆದ್ದರಿಂದ ಹೇಳಿಕೆಯಲ್ಲಿ ಹೀಗೆ ಬರೆದಿದ್ದೇನೆ: "ಹಾಳೆಯಲ್ಲಿ ತೊಳೆದದ್ದನ್ನು ಬರೆಯಲು ಕಾಲಂ ಇರಲಿಲ್ಲ, ಅದು ನನ್ನ ತಪ್ಪು. ನಿರ್ವಾಹಕರಿಗೆ ಪ್ರಯೋಗದ ಉದ್ದೇಶ ಕೊನೆಯವರೆಗೂ ತಿಳಿದಿರಲಿಲ್ಲ." ಎರಡು ಪ್ರತಿ ಕಳಿಸುತ್ತಿದ್ದೇನೆ. ನೀವು ನಿಮ್ಮ ಹೆಸರಿನ ಮುದ್ರೆ ಒತ್ತಿದರೆ ಕಚೇರಿ ಇದನ್ನು ಬೇಗ ಒಪ್ಪುತ್ತದೆ. ಇಲ್ಲದಿದ್ದರೂ ಕೊಡುತ್ತೇನೆ. ಒತ್ತದಿದ್ದರೆ ನನಗೆ ಬೇಸರವಿಲ್ಲ. ಇದು ಮಾತಿಗೆ ಹೇಳುತ್ತಿರುವುದಲ್ಲ.

ಹ್ಯೇಸುಕ್


ತೋಮಿ ದ್ವೀಪ
23 ಅಕ್ಟೋಬರ್ 2013

ಹ್ಯೇಸುಕ್ ಅವರಿಗೆ,

ಎರಡೂ ಪ್ರತಿ ವಾಪಸು ಕಳಿಸಿದ್ದೇನೆ. ಶುಕ್ರವಾರ ತಲುಪಬೇಕು.

ಬೊಂಗ್ನ್ಯೆಗೆ ಓದಿ ಹೇಳಿದೆ. "ಒತ್ತಿದ್ರೆ ಏನಾಯ್ತದೆ?" ಎಂದಳು. ಸಮಜಾಯಿಷಿ ಕೇಳುತ್ತಾರೆ, ಕೆಲಸದಿಂದ ತೆಗೆದರೂ ತೆಗೆಯಬಹುದು ಎಂದೆ. ಸ್ವಲ್ಪ ಹೊತ್ತು ಪಾಚಿ ಬಿಡಿಸುತ್ತ ಕೂತಳು. ಆಮೇಲೆ "ತೆಗೆದ್ರೆ ಮಗಳ ಮನೇಲಿ ನಾಲ್ಕು ದಿನ ಇದ್ದು ಬರಾನ. ಊಟಕ್ಕೆ ಕೂತ್ಕಂಡು ಬರಾನ" ಎಂದಳು.

ನೀವು ಬರೆದದ್ದರಲ್ಲಿ ಕೊನೆಯವರೆಗೂ ತಿಳಿದಿರಲಿಲ್ಲ ಎಂಬ ಸಾಲು ಸರಿಯಿಲ್ಲ. ಅದನ್ನು ಎರಡು ಗೆರೆ ಎಳೆದು ಹೊಡೆದುಹಾಕಿದ್ದೇನೆ. ಮೇಲೆ ನನ್ನ ಕೈಯಿಂದ ಬರೆದಿದ್ದೇನೆ: "ಮಾರ್ಚ್ 24, ಏಪ್ರಿಲ್ 11, ಏಪ್ರಿಲ್ 28, ಮೇ 14, ತಿಳಿಯದೆ ತೊಳೆದೆ. ಮೇ 29, ತಿಳಿದೇ ತೊಳೆದೆ." ಅಕ್ಷರ ಚೆನ್ನಾಗಿಲ್ಲ. ಓದಲು ಬರುತ್ತದೆ.

ಹೊಡೆದುಹಾಕಿದ ಜಾಗದ ಮೇಲೆ ತಿದ್ದಿದವರ ಮುದ್ರೆ ಇಲ್ಲದಿದ್ದರೆ ಕಚೇರಿಯವರು ಕಾಗದ ಒಪ್ಪುವುದಿಲ್ಲ, ಬೇರೆ ಯಾರೋ ತಿದ್ದಿದ್ದು ಎನ್ನುತ್ತಾರೆ. ಆದ್ದರಿಂದ ಆ ಸಾಲಿನ ಮೇಲೊಂದು, ಕೆಳಗೆ ಹೆಸರಿನ ಪಕ್ಕ ಒಂದು, ಒಂದೊಂದು ಪ್ರತಿಗೆ ಎರಡೆರಡು ಮುದ್ರೆ ಒತ್ತಿದ್ದೇನೆ. ಶಾಯಿ ಹಸಿ ಇರುವಾಗ ಮಡಚಬಾರದೆಂದು ಕಿಟಕಿಯಲ್ಲಿ ಒಣಗಲು ಇಟ್ಟು, ದೋಣಿ ಬರುವ ಹೊತ್ತಿಗೆ ಲಕೋಟೆಗೆ ಹಾಕಿದೆ. ಕೊಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಒಟ್ಟು ನಾಲ್ಕು ಇರಬೇಕು.

ಗುಕ್ ಪಾನ್ಸು